ಅನ್ನದ ಭಯ: ಕರುಳಿನ ಧಮನಿಗಳು ಇಕ್ಕಟ್ಟಾದಾಗ

ಹಸಿವಿಲ್ಲದೆ ಊಟ ಬಿಡುವವರನ್ನು ನಾವೆಲ್ಲರೂ ಬಲ್ಲೆವು. ಹಸಿವಿದ್ದೂ, ಬಡಿಸಿದ ಎಲೆಯ ಮುಂದೆ ಕುಳಿತಿದ್ದೂ, ತುತ್ತೆತ್ತಲು ಅಂಜುವವರನ್ನು ಬಲ್ಲವರು ಕಡಿಮೆ. ಕಂಡಿದ್ದರೂ ಅದೊಂದು ವ್ಯಾಧಿಯ ಲಕ್ಷಣವೆಂದು ಗುರುತಿಸಿದವರು ಇನ್ನೂ ಕಡಿಮೆ. ಊಟವಾಗಿ ಕಾಲು ಗಂಟೆಯಿಂದ ಒಂದು ಗಂಟೆಯೊಳಗಾಗಿ ಹೊಕ್ಕುಳಿನ ಸುತ್ತಲೋ ಅದರ ಮೇಲ್ಭಾಗದಲ್ಲಿಯೋ ಹಿಂಡಿದಂತೆ ನೋವು ಹುಟ್ಟಿ, ಒಂದೆರಡು ಗಂಟೆಗಳ ಕಾಲ ಕಾಡಿಸಿ, ತಾನಾಗಿಯೇ ಇಳಿಯುವುದು. ಹೆಚ್ಚು ಉಂಡ ದಿನ ಹೆಚ್ಚು ನೋವು, ಕಡಿಮೆ ಉಂಡ ದಿನ ಕಡಿಮೆ ನೋವು, ಉಪವಾಸವಿದ್ದ ದಿನ ನೋವೇ ಇಲ್ಲ. ಕೆಲವು ವಾರಗಳಲ್ಲಿಯೇ ರೋಗಿಯು ಈ ಲೆಕ್ಕವನ್ನು ತನಗರಿಯದೆಯೇ ಕಲಿತುಕೊಳ್ಳುವಳು. ಮೊದಲು ಎರಡನೆಯ ಸಲ ಅನ್ನ ಬಡಿಸಿಕೊಳ್ಳುವುದು ನಿಲ್ಲುವುದು. ಆಮೇಲೆ ರಾತ್ರಿಯೂಟ ಬಿಟ್ಟುಹೋಗುವುದು. ಕಡೆಗೆ ಗಂಜಿ ಮಜ್ಜಿಗೆಗಳು ಮಾತ್ರ ಉಳಿಯುವುವು. ಮೈಯೆಲ್ಲ ಇಳಿದುಹೋಗಿ ಕೈಯ ಬಳೆಗಳು ಮೊಣಕೈಯವರೆಗೆ ಜಾರತೊಡಗುವುವು.

ರೋಗಿಯು ‘ಕಲಿತುಕೊಳ್ಳುವಳು’ ಎಂದು ನಾವು ಬರೆದುದು ಕೈತಪ್ಪಿನಿಂದಲ್ಲ. ಈ ವ್ಯಾಧಿಗೆ ಗುರಿಯಾಗುವವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ವಯಸ್ಸು ಸಾಮಾನ್ಯವಾಗಿ ಅರವತ್ತನ್ನು ದಾಟಿರುವುದು. ನಮ್ಮ ಮನೆಗಳಲ್ಲಿ ಇದಕ್ಕೊಂದು ವಿಶೇಷವಾದ ಅಪಾಯವುಂಟು. ಮನೆಯ ಅಜ್ಜಿಯು ರಾತ್ರಿಯೂಟವನ್ನು ಬಿಟ್ಟರೆ ಒಪ್ಪತ್ತು ಹಿಡಿದರೆಂದು ಎಲ್ಲರೂ ತಿಳಿಯುವರು. ಏಕಾದಶಿಯ ಜೊತೆಗೆ ಸೋಮವಾರವನ್ನೂ ಶನಿವಾರವನ್ನೂ ಸೇರಿಸಿಕೊಂಡರೆ ಭಕ್ತಿ ಬಲಿಯಿತೆಂದು ಸಂತೋಷಪಡುವವರೂ ಉಂಟು. ನೋವಿನ ಮಾತನ್ನು ಆಕೆ ಎತ್ತಿದರೂ ‘ಗ್ಯಾಸ್ಟ್ರಿಕ್ಕು’ ಎಂಬ ಒಂದು ಪದದಲ್ಲಿ ಅದು ಮುಗಿದುಹೋಗುವುದು. ಜೀರಿಗೆಯ ಕಷಾಯವೋ ಅಂಗಡಿಯ ಗುಳಿಗೆಯೋ ಬರುವುದು. ವೈದ್ಯರ ಬಳಿಗೆ ಹೋದಾಗಲೂ ಇಳಿದ ಮೈಯನ್ನು ಕಂಡು ಅವರ ಮನಸ್ಸು ಮೊದಲು ಅರ್ಬುದದ ಕಡೆಗೆ ಓಡುವುದು ಸಹಜವೇ. ಎಂಡೋಸ್ಕೋಪಿಯಲ್ಲಿ ಏನೂ ಕಾಣದು. ಪಿತ್ತಕೋಶದಲ್ಲಿ ನಾಲ್ಕು ಕಲ್ಲುಗಳು ಕಂಡರೆ ಅವೇ ಅಪರಾಧಿಗಳೆಂದು ಕೋಶವನ್ನೇ ತೆಗೆಸಿಕೊಂಡು, ಆಮೇಲೂ ಅದೇ ನೋವನ್ನು ಅನುಭವಿಸುವವರುಂಟು.

ಕಾರಣವು ಬೇರೆ ಕಡೆ ಇರುವುದು. ಹೃದಯದಿಂದ ಹೊರಟ ಮಹಾಧಮನಿಯು ಎದೆಯನ್ನು ದಾಟಿ ಹೊಟ್ಟೆಯೊಳಕ್ಕೆ ಇಳಿದ ಕೂಡಲೆ, ಅದರ ಮುಂಭಾಗದಿಂದ ಒಂದರ ಕೆಳಗೊಂದು ಮೂರು ಕವಲುಗಳು ಹೊರಡುವುವು. ಮೇಲಿನದು ಜಠರ, ಯಕೃತ್ತು, ಗುಲ್ಮಗಳಿಗೆ ರಕ್ತವನ್ನು ಒಯ್ಯುವುದು. ನಡುವಿನದು, ಅಂದರೆ ಕರುಳಿನ ಮೇಲ್ಧಮನಿಯು, ಸಣ್ಣ ಕರುಳಿನ ಬಹುಭಾಗವನ್ನೂ ದೊಡ್ಡ ಕರುಳಿನ ಮೊದಲರ್ಧವನ್ನೂ ಪೋಷಿಸುವುದು. ಕೆಳಗಿನ ಸಣ್ಣ ಕವಲಿಗೆ ದೊಡ್ಡ ಕರುಳಿನ ಉಳಿದ ಭಾಗ ಸೇರಿದುದು. ಸುಮ್ಮನಿರುವ ಕರುಳಿಗೆ ಅಲ್ಪ ರಕ್ತವೇ ಸಾಕು. ಆದರೆ ಅನ್ನವು ಒಳಗೆ ಇಳಿದೊಡನೆ ಅದಕ್ಕೆ ಎಷ್ಟೋ ಪಟ್ಟು ಹೆಚ್ಚು ಬೇಕಾಗುವುದು. ಧಮನಿಗಳ ಒಳಗೋಡೆಯಲ್ಲಿ ಜಿಡ್ಡೂ ಸುಣ್ಣವೂ ಕೂಡಿ ದಾರಿ ಇಕ್ಕಟ್ಟಾಗಿದ್ದರೆ, ಬೇಡಿಕೆಗೆ ತಕ್ಕಷ್ಟು ರಕ್ತ ಒದಗದೆ ಕರುಳು ನೋವಿನಿಂದ ಕೂಗಿಕೊಳ್ಳುವುದು. ಬೆಟ್ಟ ಹತ್ತುವಾಗ ಹೃದ್ರೋಗಿಗೆ ಎದೆ ಹಿಡಿಯುವುದಕ್ಕೂ ಇದಕ್ಕೂ ಭೇದವಿಲ್ಲ. ಅಲ್ಲಿ ಹತ್ತುವ ಶ್ರಮ, ಇಲ್ಲಿ ಜೀರ್ಣಿಸುವ ಶ್ರಮ. ತಂಬಾಕು, ಸಕ್ಕರೆಯ ರೋಗ, ರಕ್ತದ ಒತ್ತಡ ಮೊದಲಾಗಿ ಹೃದಯದ ಧಮನಿಗಳನ್ನು ಕೆಡಿಸುವ ವಸ್ತುಗಳೇ ಇಲ್ಲಿಯೂ ಕೇಡಿಗೆ ಕಾರಣ.

ಪ್ರಕೃತಿಯು ಈ ಮೂರು ಕಾಲುವೆಗಳ ನಡುವೆ ಅಡ್ಡಗಾಲುವೆಗಳನ್ನೂ ತೋಡಿಟ್ಟಿರುವಳು. ಒಂದು ಮುಚ್ಚಿದರೆ ಇನ್ನೊಂದರ ನೀರು ಆ ತೋಟಕ್ಕೂ ಹರಿಯುವುದು. ಆದುದರಿಂದಲೇ ವಯಸ್ಸಾದ ಅನೇಕರಲ್ಲಿ ಒಂದು ಧಮನಿ ಇಕ್ಕಟ್ಟಾಗಿದ್ದರೂ ಅವರಿಗೆ ಅದರ ಅರಿವೇ ಇರುವುದಿಲ್ಲ. ಅಂಥವರಿಗೆ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಇದು ಕಂಡಿತೆಂದು ಗಾಬರಿಯಾಗಬೇಕಾಗಿಯೂ ಇಲ್ಲ. ಸಾಮಾನ್ಯವಾಗಿ ಮೂರರಲ್ಲಿ ಎರಡಾದರೂ ಕೆಟ್ಟ ಮೇಲೆಯೇ ನೋವು ತೋರುವುದು. ಹಾಗೆ ತೋರಿತೆಂದರೆ ಮಿಕ್ಕಿರುವ ಆಧಾರವು ಬಲು ತೆಳುವಾದುದೆಂದು ತಿಳಿಯಬೇಕು. ಆ ತೆಳುದಾರಿಯಲ್ಲಿ ಒಂದು ದಿನ ರಕ್ತ ಹೆಪ್ಪುಗಟ್ಟಿದರೆ ಕರುಳು ಕೆಲವೇ ಗಂಟೆಗಳಲ್ಲಿ ಸಾಯತೊಡಗುವುದು. ಆ ಸ್ಥಿತಿಗೆ ಬಂದವರಲ್ಲಿ ಬದುಕಿ ಉಳಿಯುವವರಿಗಿಂತ ಸಾಯುವವರೇ ಹೆಚ್ಚು.

ಈ ಎರಡು ಸಂಗತಿಗಳ ನಂಟನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಅಮೆರಿಕಾದ ಬಾಸ್ಟನ್ ನಗರದ ಶಸ್ತ್ರವೈದ್ಯ ಎಂಗಲ್‌ಬರ್ಟ್ ಡನ್ಫಿ ಎಂಬವರು. ಕರುಳಿನ ಧಮನಿ ಮುಚ್ಚಿರುವುದನ್ನು ಶವಪರೀಕ್ಷೆಯಲ್ಲಿ ಕಂಡು ಜರ್ಮನಿಯ ಟೀಡೆಮನ್ನರು 1843ರಷ್ಟು ಹಿಂದೆಯೇ ಬರೆದಿದ್ದರು. ಆದರೆ ಸಾವಿಗೆ ಮುಂಚೆ ರೋಗಿ ಏನನ್ನು ಅನುಭವಿಸಿದನೆಂದು ಹಿಂದಿರುಗಿ ನೋಡುವ ಕೆಲಸ ಉಳಿದಿತ್ತು. ಡನ್ಫಿಯವರು 1936ರಲ್ಲಿ, ಕರುಳು ಸತ್ತು ಮೃತರಾದ 12 ಮಂದಿಯ ಪೂರ್ವವೃತ್ತಾಂತವನ್ನು ಶೋಧಿಸಿದರು. ಅವರಲ್ಲಿ 7 ಮಂದಿ ಅದಕ್ಕೆ ಮೊದಲೇ ವಾರಗಟ್ಟಲೆ, ತಿಂಗಳುಗಟ್ಟಲೆ ಹೊಟ್ಟೆನೋವನ್ನು ಅನುಭವಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಮುನ್ನೆಚ್ಚರಿಕೆ ದೊರೆತಿತ್ತು, ಅದನ್ನು ಕೇಳಿಸಿಕೊಂಡವರಿರಲಿಲ್ಲ. ಕೇಳಿಸಿಕೊಂಡಿದ್ದರೂ ಆ ಕಾಲದಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲವೆಂಬುದೂ ನಿಜ.

ಮಾಡುವುದಕ್ಕೆ ಏನಾದರೂ ಒದಗಿದುದು ಇಪ್ಪತ್ತೆರಡು ವರ್ಷಗಳ ಮೇಲೆ. 1958ರಲ್ಲಿ ಅದೇ ಬಾಸ್ಟನ್ನಿನ ರಾಬರ್ಟ್ ಷಾ ಮತ್ತು ಎಡ್ಗರ್ ಮೇನಾರ್ಡ್ ಎಂಬವರು ಕರುಳಿನ ಧಮನಿಯನ್ನು ಸೀಳಿ, ಒಳಗಿನ ಗಡುಸು ಪೊರೆಯನ್ನು ಹೆರೆದು ತೆಗೆದು, ಇಬ್ಬರು ರೋಗಿಗಳನ್ನು ಬದುಕಿಸಿದ ವೃತ್ತಾಂತವನ್ನು ಪ್ರಕಟಿಸಿದರು. 1962ರಲ್ಲಿ ಹ್ಯೂಸ್ಟನ್ ನಗರದ ಮಾರಿಸ್, ಡೆಬೇಕಿ ಮೊದಲಾದವರು ಇಕ್ಕಟ್ಟನ್ನು ಮುಟ್ಟದೆಯೇ, ಮಹಾಧಮನಿಯಿಂದ ಹೊಸ ಕೃತಕ ನಾಳವೊಂದನ್ನು ತೆಗೆದು, ಇಕ್ಕಟ್ಟಿನಿಂದಾಚೆಗಿನ ಒಳ್ಳೆಯ ಧಮನಿಗೆ ಜೋಡಿಸುವ ಕ್ರಮವನ್ನು ವಿವರಿಸಿದರು. ಇಂದಿಗೂ ತೆರೆದ ಶಸ್ತ್ರಚಿಕಿತ್ಸೆಯೆಂದರೆ ಹೆಚ್ಚಾಗಿ ಈ ಬದಿದಾರಿಯೇ. ಎದೆಮೂಳೆಯ ಕೆಳಗಿನಿಂದ ಹೊಟ್ಟೆಯನ್ನು ನೆಟ್ಟಗೆ ಸೀಳಿ, ಕರುಳುಗಳನ್ನು ಬದಿಗೆ ಸರಿಸಿ, ಬೆನ್ನೆಲುಬಿಗೆ ಅಂಟಿಕೊಂಡಿರುವ ಮಹಾಧಮನಿಯನ್ನು ತಲಪಿ, ಅದರ ಪ್ರವಾಹವನ್ನು ಸ್ವಲ್ಪ ಹೊತ್ತು ತಡೆಹಿಡಿದು ಹೊಲಿಯಬೇಕು. ಗಂಟೆಗಟ್ಟಲೆಯ ಕೆಲಸ. ಹೃದಯವೂ ಶ್ವಾಸಕೋಶಗಳೂ ಮೂತ್ರಪಿಂಡಗಳೂ ಈ ಆಯಾಸವನ್ನು ತಾಳಬೇಕು. ತಾಳಬೇಕಾದ ರೋಗಿಯೋ, ತಿಂಗಳುಗಳ ಅರೆಹೊಟ್ಟೆಯಿಂದ ಎಲುಬಿನ ಗೂಡಾಗಿರುವಳು; ಗಾಯ ಮಾಯುವುದಕ್ಕೆ ಬೇಕಾದ ಸತ್ವವೇ ಮೈಯಲ್ಲಿ ಇರುವುದಿಲ್ಲ.

ಇನ್ನೊಂದು ದಾರಿ ತೆರೆದುದು ಹೊಟ್ಟೆಯಿಂದಲ್ಲ, ಕಾಲಿನಿಂದ. ಅಮೆರಿಕಾದ ಪೋರ್ಟ್‌ಲೆಂಡಿನ ಚಾರ್ಲ್ಸ್ ಡಾಟರ್ ಎಂಬ ಕ್ಷಕಿರಣ ವೈದ್ಯರು 1964ರ ಜನವರಿಯಲ್ಲಿ, ಬೆರಳು ಕೊಳೆಯುತ್ತಿದ್ದರೂ ಕಾಲು ಕತ್ತರಿಸಲು ಒಪ್ಪದಿದ್ದ 82 ವರ್ಷದ ವೃದ್ಧೆಯೊಬ್ಬಳ ಧಮನಿಯೊಳಕ್ಕೆ ತಂತಿಯೊಂದನ್ನು ತೂರಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನಾದ ನಳಿಗೆಗಳನ್ನು ಜಾರಿಸಿ, ಮುಚ್ಚಿದ ದಾರಿಯನ್ನು ಹಿಗ್ಗಿಸಿದರು. ಕಾಲು ಉಳಿಯಿತು, ಆಕೆ ಅದೇ ಕಾಲಿನ ಮೇಲೆ ನಡೆದಾಡಿದಳು. ಶಸ್ತ್ರವೈದ್ಯರಲ್ಲಿ ಬಹುಮಂದಿ ಇದನ್ನು ನಂಬಲಿಲ್ಲ. ನಂಬಿ ಮುಂದುವರಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಆಂಡ್ರಿಯಾಸ್ ಗ್ರುಂಟ್ಸಿಗ್ ಒಬ್ಬರು. ನಳಿಗೆಯ ತುದಿಗೆ ಉಬ್ಬುವ ಬಲೂನೊಂದನ್ನು ಕೂಡಿಸುವುದು ಅವರ ಯುಕ್ತಿ. ಅದನ್ನು ಅವರು ಸಿದ್ಧಪಡಿಸಿದುದು ಯಾವ ಕಾರ್ಖಾನೆಯಲ್ಲಿಯೂ ಅಲ್ಲ. ತಮ್ಮ ಮನೆಯ ಅಡಿಗೆಮನೆಯ ಮೇಜಿನ ಮೇಲೆ, ಹೆಂಡತಿಯ ಮತ್ತು ಸಹಾಯಕಿಯ ನೆರವಿನೊಡನೆ, ರಾತ್ರಿಯ ಹೊತ್ತು ಕುಳಿತು. 1974ರಲ್ಲಿ ಅದು ಕಾಲಿನ ಧಮನಿಯಲ್ಲಿಯೂ 1977ರಲ್ಲಿ ಹೃದಯದ ಧಮನಿಯಲ್ಲಿಯೂ ಉಬ್ಬಿತು. 1980ರಲ್ಲಿ ಗ್ರುಂಟ್ಸಿಗರೂ ಅವರ ಸಂಗಡಿಗರೂ ಕರುಳಿನ ಮೇಲ್ಧಮನಿಯನ್ನು ಇದೇ ರೀತಿ ಬಿಡಿಸಿ, ಉಂಡರೆ ನೋಯುವ ಹೊಟ್ಟೆಯನ್ನು ಕತ್ತಿಯಿಲ್ಲದೆ ಗುಣಪಡಿಸಿದುದನ್ನು ಪ್ರಕಟಿಸಿದರು. ಬಲೂನಿನಿಂದ ಹಿಗ್ಗಿದ ಗೋಡೆ ಮತ್ತೆ ಕುಗ್ಗಿಬಿಡುತ್ತಿದ್ದುದರಿಂದ, ಮುಂದೆ ಅದನ್ನು ಒಳಗಿನಿಂದ ಆತು ಹಿಡಿಯುವ ಲೋಹದ ಬಲೆಯ ಕೊಳವೆ, ಅಂದರೆ ಸ್ಟೆಂಟು, ಬಳಕೆಗೆ ಬಂದಿತು.

ಈ ಚಿಕಿತ್ಸೆಯಲ್ಲಿ ರೋಗಿಯು ಸಾಮಾನ್ಯವಾಗಿ ಎಚ್ಚರವಾಗಿಯೇ ಇರುವಳು. ತೊಡೆಯ ಸಂದಿಯಲ್ಲಿಯೋ ಎಡತೋಳಿನಲ್ಲಿಯೋ ಚರ್ಮವನ್ನು ಮರಗಟ್ಟಿಸಿ, ಸೂಜಿಯಿಂದ ಧಮನಿಯನ್ನು ಚುಚ್ಚಿ, ಕ್ಷಕಿರಣದ ಪರದೆಯನ್ನು ನೋಡುತ್ತ ತಂತಿಯನ್ನು ಇಕ್ಕಟ್ಟಿನಿಂದಾಚೆಗೆ ದಾಟಿಸುವರು. ಅದರ ಮೇಲೆ ಬಲೂನನ್ನೂ ಸ್ಟೆಂಟನ್ನೂ ಒಯ್ದು ಉಬ್ಬಿಸುವರು. ಎಲ್ಲ ಸರಿಹೋದರೆ ಒಂದೆರಡು ದಿನಗಳಲ್ಲಿ ಮನೆ ಸೇರಬಹುದು. ತಿಂಗಳುಗಳಿಂದ ಬಿಟ್ಟಿದ್ದ ಊಟವನ್ನು ಆಸ್ಪತ್ರೆಯಲ್ಲಿಯೇ ನೋವಿಲ್ಲದೆ ಉಣ್ಣುವವರುಂಟು. ಚುಚ್ಚಿದ ಕಡೆ ರಕ್ತ ಕಟ್ಟಿಕೊಳ್ಳುವುದು, ಜಿಡ್ಡಿನ ಚೂರೊಂದು ಕಳಚಿ ಕರುಳಿನ ಕಡೆಗೆ ಹೋಗುವುದು, ಧಮನಿಯ ಪೊರೆ ಬಿರಿಯುವುದು, ಚಿತ್ರ ತೆಗೆಯಲು ಹಾಕಿದ ದ್ರವದಿಂದ ಮೂತ್ರಪಿಂಡ ಬಳಲುವುದು, ಇವೇ ಮುಂತಾದ ಅಪಾಯಗಳು ಇದರಲ್ಲಿಯೂ ಇಲ್ಲದಿಲ್ಲ. ಕೊಯ್ತವಿಲ್ಲವೆಂದ ಮಾತ್ರಕ್ಕೆ ಇದನ್ನು ಆಟವೆಂದು ತಿಳಿಯಬಾರದು.

ಹಾಗಾದರೆ ಎರಡರಲ್ಲಿ ಯಾವುದು ಲೇಸು? ಅಂಕಿಗಳನ್ನು ನೋಡಿದರೆ ಒಂದು ವಿಚಿತ್ರ ತೋರುವುದು. ಅಮೆರಿಕಾ ದೇಶದ ಆಸ್ಪತ್ರೆಗಳಲ್ಲಿ 1988ರಿಂದ 2006ರವರೆಗೆ ನಡೆದ ಚಿಕಿತ್ಸೆಗಳ ಲೆಕ್ಕವು 2009ರಲ್ಲಿ ಪ್ರಕಟವಾಯಿತು. ದೀರ್ಘಕಾಲದ ಇಕ್ಕಟ್ಟಿಗಾಗಿ ತೆರೆದ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ನೂರಕ್ಕೆ ಸುಮಾರು 13 ಮಂದಿ ಆಸ್ಪತ್ರೆಯಲ್ಲಿಯೇ ತೀರಿಕೊಂಡರೆ, ತಂತಿಯ ಚಿಕಿತ್ಸೆ ಪಡೆದವರಲ್ಲಿ ತೀರಿಕೊಂಡವರು ನೂರಕ್ಕೆ ನಾಲ್ವರಿಗಿಂತಲೂ ಕಡಿಮೆ. ಅದೇ ವರ್ಷ ಅದೇ ದೇಶದ ಮೇಯೋ ಆಸ್ಪತ್ರೆಯವರು ತಮ್ಮ 229 ರೋಗಿಗಳ ಲೆಕ್ಕವನ್ನು ಮುಂದಿಟ್ಟರು. ಈ ಕೆಲಸದಲ್ಲಿ ನುರಿತ ಅವರ ಕೈಯಲ್ಲಿ ಎರಡು ಕ್ರಮಗಳ ಮರಣವೂ ಹೆಚ್ಚು ಕಡಿಮೆ ಸಮವಾಗಿ, ನೂರಕ್ಕೆ ಎರಡು ಮೂರರಷ್ಟೇ ಇದ್ದಿತು. ಆದರೆ ಐದು ವರ್ಷಗಳ ಕೊನೆಗೆ, ಹೊಲಿದ ಬದಿದಾರಿಗಳಲ್ಲಿ ನೂರಕ್ಕೆ 88 ಯಾವ ರಿಪೇರಿಯೂ ಇಲ್ಲದೆ ತೆರೆದಿದ್ದರೆ, ತಂತಿಯಿಂದ ಬಿಡಿಸಿದವುಗಳಲ್ಲಿ ಹಾಗೆ ಉಳಿದುದು ನೂರಕ್ಕೆ 41 ಮಾತ್ರ. ಅಂದರೆ ಕತ್ತಿಯ ಅಪಾಯವೆಲ್ಲ ಮೊದಲಿನ ಕೆಲವು ವಾರಗಳದು. ತಂತಿಯ ತೊಂದರೆಯೆಲ್ಲ ಮುಂದಿನ ಕೆಲವು ವರ್ಷಗಳದು.

ಈ ಲೆಕ್ಕಗಳನ್ನು ಓದುವಾಗ ಒಂದು ಎಚ್ಚರವಿರಬೇಕು. ಚೀಟಿಯೆತ್ತಿ ಅರ್ಧ ರೋಗಿಗಳಿಗೆ ಕತ್ತಿ, ಅರ್ಧ ರೋಗಿಗಳಿಗೆ ತಂತಿ ಎಂದು ಹಂಚಿ ದೊಡ್ಡ ಪ್ರಮಾಣದಲ್ಲಿ ತೂಗಿ ನೋಡಿದುದಿಲ್ಲ. ಹೆಚ್ಚು ವಯಸ್ಸಾದವರೂ ಹೆಚ್ಚು ಬಳಲಿದವರೂ ತಂತಿಯ ಕಡೆಗೆ ಬಂದಿರುವರು, ಗಟ್ಟಿಮುಟ್ಟಾದವರು ಕತ್ತಿಯ ಕಡೆಗೆ ಹೋಗಿರುವರು. ಇಂಥ ಎರಡು ಗುಂಪುಗಳನ್ನು ಹೋಲಿಸುವುದು, ಬೇರೆ ಬೇರೆ ಮಣ್ಣಿನಲ್ಲಿ ಬಿತ್ತಿದ ಎರಡು ತಳಿಗಳ ಇಳುವರಿಯನ್ನು ಹೋಲಿಸಿದಂತೆಯೇ ಸರಿ. ಮೇಲಾಗಿ ಸ್ಟೆಂಟುಗಳೂ ಸುಧಾರಿಸಿವೆ. ಬರಿಯ ಲೋಹದ ಬಲೆಯ ಕಣ್ಣುಗಳ ಮೂಲಕ ಧಮನಿಯ ಒಳಪೊರೆಯು ಬೆಳೆದು ದಾರಿಯನ್ನು ಮತ್ತೆ ಮುಚ್ಚುವುದು. ಅದಕ್ಕಾಗಿ ಬಲೆಗೆ ತೆಳುವಾದ ಹೊದಿಕೆ ಹಾಕಿದ ಸ್ಟೆಂಟುಗಳನ್ನು ಮಾಡಿರುವರು. ಹಾಲೆಂಡಿನ ವೈದ್ಯರು ಈ ವಿಷಯದಲ್ಲಿ ಮಾತ್ರ ಚೀಟಿಯೆತ್ತಿಯೇ ಹಂಚಿ ಪರೀಕ್ಷಿಸಿ, ಫಲವನ್ನು 2024ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳಾದ ಮೇಲೆ ಹೊದಿಕೆಯುಳ್ಳವುಗಳಲ್ಲಿ ಐದಕ್ಕೆ ನಾಲ್ಕು ತೆರೆದಿದ್ದುವು. ಹೊದಿಕೆಯಿಲ್ಲದವುಗಳಲ್ಲಿ ಅರ್ಧದಷ್ಟು ಮಾತ್ರ. ಮೇಯೋದವರ ಲೆಕ್ಕದಲ್ಲಿದ್ದುದು ಹೆಚ್ಚಾಗಿ ಹಳೆಯ ಕಾಲದ ಸ್ಟೆಂಟುಗಳೆಂಬುದನ್ನು ಇಲ್ಲಿ ನೆನೆಯಬೇಕು.

ಹೀಗಾಗಿ ಅಮೆರಿಕಾದಲ್ಲಿ 2002ರಿಂದೀಚೆಗೆ ತಂತಿಯ ಚಿಕಿತ್ಸೆಯೇ ಸಂಖ್ಯೆಯಲ್ಲಿ ಮುಂದಾಯಿತು. ರಕ್ತನಾಳ ಶಸ್ತ್ರವೈದ್ಯರ ಅಮೆರಿಕಾದ ಸಂಘವೂ 2021ರ ತನ್ನ ಸೂಚನೆಗಳಲ್ಲಿ, ಧಮನಿಯ ರಚನೆ ಅನುಕೂಲವಾಗಿದ್ದರೆ ಮೊದಲು ತಂತಿಯನ್ನೇ ಪ್ರಯತ್ನಿಸಬೇಕೆಂದು ಹೇಳಿತು. ಕತ್ತಿಯನ್ನೇ ಕಸುಬಾಗಿ ಉಳ್ಳವರು ಕತ್ತಿಯನ್ನು ಎರಡನೆಯ ಮಣೆಗೆ ಕೂರಿಸಿದುದು ಮೆಚ್ಚತಕ್ಕ ಮಾತು. ಆದರೆ ಅವರು ಅದನ್ನು ಮನೆಯಿಂದಾಚೆಗೆ ಕಳುಹಿಸಲಿಲ್ಲ. ಧಮನಿಯು ಬಹುದೂರದವರೆಗೆ ಸುಣ್ಣಗಟ್ಟಿ ತಂತಿಗೆ ಎಡೆಗೊಡದವರಿಗೆ, ಸ್ಟೆಂಟು ಹಾಕಿದರೂ ಮತ್ತೆ ಮತ್ತೆ ಮುಚ್ಚಿಕೊಳ್ಳುವವರಿಗೆ, ವಯಸ್ಸು ಚಿಕ್ಕದಾಗಿ ದೇಹ ಗಟ್ಟಿಯಾಗಿದ್ದು ಮುಂದೆ ಇಪ್ಪತ್ತು ಮೂವತ್ತು ವರ್ಷ ಬಾಳಬೇಕಾದ ಕೆಲವರಿಗೆ ತೆರೆದ ಶಸ್ತ್ರಚಿಕಿತ್ಸೆಯೇ ತಕ್ಕುದು. ಎಪ್ಪತ್ತೆಂಟರ, ಉಬ್ಬಸದ ರೋಗಿಯೊಬ್ಬಳಿಗೆ ಇಪ್ಪತ್ತು ವರ್ಷ ಬಾಳುವ ಬದಿದಾರಿಯ ಆಸೆ ತೋರಿಸಿ ಮೇಜಿನ ಮೇಲೆ ಮಲಗಿಸುವುದು ವಿವೇಕವಲ್ಲ. ಐವತ್ತೆರಡರ ಗಟ್ಟಿ ಆಳಿಗೆ ಸ್ಟೆಂಟಿನ ಮೇಲೆ ಸ್ಟೆಂಟು ತುರುಕುತ್ತ ಹೋಗುವುದೂ ಅಲ್ಲ. ಇವೆರಡರ ನಡುವೆ ಒಂದು ಮೂರನೆಯ ದಾರಿಯನ್ನೂ ನುರಿತವರು ಬಳಸುವರು: ತೀರ ಸೊರಗಿದವರಿಗೆ ಮೊದಲು ತಂತಿಯಿಂದ ದಾರಿ ಬಿಡಿಸಿ, ಕೆಲವು ತಿಂಗಳು ಉಣಿಸಿ ಮೈ ತುಂಬಿಸಿ, ಸ್ಟೆಂಟು ಮುಂದೆ ಕೈಕೊಟ್ಟರೆ ಆಗ ಶಸ್ತ್ರಚಿಕಿತ್ಸೆ ಮಾಡುವುದು. ನಮಗೆ ಇದು ಬಹು ಯುಕ್ತವಾಗಿ ತೋರುವುದು.

ತಂತಿ ಒಂದನ್ನೇ ನಂಬಿದರೆ ಕೆಲಸಕ್ಕೆ ಬಾರದ ಸಂದರ್ಭವೊಂದುಂಟು. ವಪೆಯ ಬುಡದಲ್ಲಿರುವ ಕಮಾನಿನಂಥ ನಾರಿನ ಕಟ್ಟೊಂದು ಕೆಲವರಲ್ಲಿ ಮೇಲಿನ ಧಮನಿಯನ್ನು ಹೊರಗಿನಿಂದ ಅದುಮುವುದು. ಇದು ಹೆಚ್ಚಾಗಿ ಪ್ರಾಯದ ಹೆಂಗಸರಲ್ಲಿ ಕಾಣುವ ತೊಂದರೆ. ಜಿಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಹೊರಗಿನ ಕಟ್ಟನ್ನು ಬಿಡಿಸದೆ ಒಳಗೆ ಸ್ಟೆಂಟು ಇಟ್ಟರೆ ಅದು ಜಜ್ಜಿಹೋಗುವುದು. ಇಲ್ಲಿ ಮೊದಲು ಕಟ್ಟನ್ನು ಕತ್ತರಿಸಬೇಕು. ಅದನ್ನು ಸಣ್ಣ ರಂಧ್ರಗಳ ಮೂಲಕವೂ ಮಾಡಬಹುದು.

ಮನೆಯ ಯಜಮಾನರಿಗೆ ಈ ಎರಡು ಚಿಕಿತ್ಸೆಗಳ ಭೇದವನ್ನು ಮನೆಯ ಮಾತಿನಲ್ಲಿಯೇ ಹೇಳುವುದಾದರೆ, ಬದಿದಾರಿಯೆಂಬುದು ಮಾಡನ್ನೆಲ್ಲ ಬಿಚ್ಚಿ ಹೊಸ ತೊಲೆ ಹಾಕಿಸಿದಂತೆ; ಸ್ಟೆಂಟೆಂಬುದು ಹೆಂಚು ಕೈಯಾಡಿಸಿದಂತೆ. ಎರಡನೆಯದು ಅಗ್ಗವಾದ ಕೆಲಸ, ಮನೆಯವರು ಹೊರಗೆ ಮಲಗಬೇಕಾಗಿಲ್ಲ, ಆ ವರ್ಷದ ಮಳೆಯೂ ನಿಲ್ಲುವುದು. ಆದರೆ ಪ್ರತಿವರ್ಷವೂ ಮಳೆಗೆ ಮುಂಚೆ ಮಾಡು ಹತ್ತಿ ನೋಡದಿದ್ದರೆ ನಡುರಾತ್ರಿಯಲ್ಲಿ ಸೋರುವುದು. ಸ್ಟೆಂಟು ಹಾಕಿಸಿಕೊಂಡವರು ತಿಂಗಳೊಪ್ಪತ್ತಿನಲ್ಲಿ ಒಮ್ಮೆ, ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷ ವರ್ಷವೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಹೋಗಿ ಡಾಪ್ಲರ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಸ್ಪಿರಿನ್ ಮೊದಲಾದ ಗುಳಿಗೆಗಳನ್ನು ವೈದ್ಯರು ಹೇಳದೆ ನಿಲ್ಲಿಸಬಾರದು. ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಬಿಡಲೇಬೇಕು. ಇಲ್ಲಿಯೇ ನಮ್ಮ ಮನಸ್ಸಿಗೆ ಒಂದು ಸಂದೇಹ ಹುಟ್ಟುವುದು. ವಿದೇಶದ ಲೆಕ್ಕಗಳಲ್ಲಿ ಸ್ಟೆಂಟು ಇಕ್ಕಟ್ಟಾದರೂ ರೋಗಿಯು ಉಳಿದುದು ಏಕೆ? ಗೊತ್ತಾದ ದಿನಕ್ಕೆ ಆಕೆ ಹಿಂದಿರುಗಿ ಬಂದಳು, ಮತ್ತೆ ಬಲೂನು ಉಬ್ಬಿಸಿದರು. ಮಲೆನಾಡಿನ ಒಂಟಿಮನೆಯಿಂದಲೋ, ಬಯಲುಸೀಮೆಯ ಹಳ್ಳಿಯಿಂದಲೋ ಬಂದು, ನೋವು ನಿಂತಿತೆಂಬ ಸಂತೋಷದಲ್ಲಿ ಊರು ಸೇರಿ, ಮುಂದೆ ನಗರದ ಮುಖವನ್ನೇ ನೋಡದ ರೋಗಿಗೆ ಅದೇ ಲೆಕ್ಕ ಸಲ್ಲುವುದೆಂದು ಹೇಗೆ ಹೇಳುವುದು? ಆದುದರಿಂದ ಯಾವ ಚಿಕಿತ್ಸೆಯೆಂದು ಗೊತ್ತುಮಾಡುವ ದಿನ, ‘ವರ್ಷಕ್ಕೊಮ್ಮೆ ಇವರನ್ನು ಕರೆತರುವವರು ಯಾರು?’ ಎಂಬ ಪ್ರಶ್ನೆಯನ್ನೂ ವೈದ್ಯರ ಮುಂದೆ ಮನೆಯವರು ತಾವಾಗಿಯೇ ಎತ್ತಬೇಕು. ಈ ಕೆಲಸವನ್ನು ತಾವು ಎಷ್ಟು ಸಲ ಮಾಡಿದ್ದೀರೆಂದು ವೈದ್ಯರನ್ನು ವಿನಯದಿಂದ ಕೇಳುವುದೂ ಅವಿನಯವಲ್ಲ. ಕೈಯ ಅನುಭವದಿಂದ ಎಷ್ಟು ವ್ಯತ್ಯಾಸವಾಗುವುದೆಂಬುದನ್ನು ಮೇಲಿನ ಅಂಕಿಗಳೇ ತೋರಿಸುವುವು.

ಆದರೆ ಇದೆಲ್ಲವೂ ರೋಗವನ್ನು ಗುರುತಿಸಿದ ಮೇಲಿನ ಮಾತು. ಗುರುತಿಸುವ ಉಪಾಯವು ಬಲು ಸುಲಭ. ಮನೆಯಲ್ಲಿ ಯಾರಾದರೂ ಹಿರಿಯರು ಊಟ ಇಳಿಸುತ್ತ ಬಂದಿದ್ದರೆ, ಕ್ಯಾಲೆಂಡರಿನ ಅಂಚಿನಲ್ಲಿಯೇ ಎರಡು ವಾರಗಳ ಕಾಲ ಮೂರು ಸಂಗತಿಗಳನ್ನು ಬರೆದಿಡಬೇಕು: ಉಂಡ ಹೊತ್ತು, ನೋವು ಹತ್ತಿದ ಹೊತ್ತು, ನೋವು ಇಳಿದ ಹೊತ್ತು. ವಾರಕ್ಕೊಮ್ಮೆ ತೂಕವನ್ನೂ ಅದರ ಪಕ್ಕದಲ್ಲಿ ಬರೆಯಬೇಕು. ನೋವು ಊಟದ ಬೆನ್ನು ಹತ್ತಿಯೇ ಬರುತ್ತಿದ್ದು, ತೂಕವೂ ಇಳಿಯುತ್ತಿದ್ದು, ಎಂಡೋಸ್ಕೋಪಿಯಲ್ಲಿ ಏನೂ ಇಲ್ಲವೆಂದಾದರೆ, ಆ ಹಾಳೆಯನ್ನು ವೈದ್ಯರ ಮುಂದಿಟ್ಟು, ಕರುಳಿನ ರಕ್ತನಾಳಗಳನ್ನು ನೋಡಬೇಕೆ ಎಂದು ಕೇಳಬೇಕು. ಸಿ.ಟಿ. ಆಂಜಿಯೋಗ್ರಾಮಿನಲ್ಲಿ ಮೂರು ಕವಲುಗಳೂ ಸ್ಪಷ್ಟವಾಗಿ ತೋರುವುವು. ಅಂಥವರಿಗೆ ಎಂದಾದರೊಂದು ದಿನ ಎಂದಿನ ನೋವು ಇಳಿಯದೆ ಹೆಚ್ಚುತ್ತಲೇ ಹೋದರೆ, ಹೊಟ್ಟೆ ಮುಟ್ಟಿದರೆ ಮೆತ್ತಗಿದ್ದೂ ನೋವು ಮಾತ್ರ ತಾಳಲಾರದಷ್ಟಿದ್ದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಗಾಡಿ ಹೂಡಿಸಿ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಹೋಗುವಾಗ ಆ ಹಾಳೆಯನ್ನು ಮರೆಯದೆ ಜೊತೆಯಲ್ಲಿ ಕೊಂಡೊಯ್ಯಬೇಕು.